ಆಷಾಢದಲ್ಲಿ ನೋಡದೆ ಹೋದ ಅಳಿವೆ

ನಮ್ಮ ಅಡುಗೆಮನೆಗೆ ಒಂದು ಕಿಟಕಿ ಇದೆ. ತೆಗೆದರೆ ಪಕ್ಕದ ಮನೆಯ ಗೋಡೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆ ಗೋಡೆಗೆ ಇಲ್ಲಿಯವರೆಗೆ ಯಾರೂ ಬಣ್ಣ ಬಳಿದಿಲ್ಲ, ಏಕೆಂದರೆ ಬಳಿಯುವವನು ನಿಲ್ಲುವುದಕ್ಕೆ ನಡುವೆ ಜಾಗವೇ ಇಲ್ಲ. ಬೆಳಿಗ್ಗೆ ಹಾಲು ಕಾಯಿಸುವಾಗ ನೋಡುವುದು ಅದೇ ಗೋಡೆ, ಸಂಜೆ ಒಗ್ಗರಣೆ ಹಾಕುವಾಗ ನೋಡುವುದೂ ಅದೇ. ಅವರ ಮಿಕ್ಸಿಯಲ್ಲಿ ತಿರುಗುತ್ತಿರುವುದು ಚಟ್ನಿಯೋ ಮಸಾಲೆಯೋ ಎಂದು ಸದ್ದಿನಲ್ಲೇ ಹೇಳಬಲ್ಲೆ. ವಿಜಯನಗರದಲ್ಲಿ ಸ್ವಂತ ಮನೆ ಎಂದರೆ ಜನ ಕಣ್ಣರಳಿಸುತ್ತಾರೆ. "ಪುಣ್ಯವಂತರು ಬಿಡಿ ಮೇಡಂ, ಮೆಟ್ರೋ ಪಕ್ಕದಲ್ಲೇ" ಎನ್ನುತ್ತಾರೆ. ಅಯ್ಯೋ ಬನ್ನಿ ಸ್ವಾಮಿ, ಬಂದು ನನ್ನ ಕಿಟಕಿಯ ಮುಂದೆ ಒಂದು ದಿನ ನಿಂತು ನೋಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಇವತ್ತಿಗೂ ಆ ಕಿಟಕಿಯ ಮುಂದೆಯೇ ಇದ್ದೇನೆ. ನಿವೃತ್ತಿಯಾದ ಮೇಲೆ ಸಮುದ್ರದ ಪಕ್ಕ ಮನೆ ಮಾಡಿ, ದಡದಲ್ಲಿ ನಿಂತು ಗಾಳ ಹಾಕಿಕೊಂಡು ಇರುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದವಳು ನಾನು. ಬೀಳ್ಕೊಡುಗೆಯ ದಿನ ಹೈಸ್ಕೂಲಿನ ಸಹೋದ್ಯೋಗಿಗಳು ಶಾಲು, ಹಾರದ ಜೊತೆಗೆ ಮಡಚುವ ಗಾಳದ ಕೋಲೊಂದನ್ನು ಕೊಟ್ಟರು. ಗಣಿತದ ಮೇಡಂಗೆ ಗಾಳ! ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆ ಕೋಲು ಈಗ ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇದೆ.

ನನಗೆ ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ನಾನು ಹುಟ್ಟಿದ್ದು ಕೆಂಗೇರಿ ಆಚೆಯ ಹಳ್ಳಿಯಲ್ಲಿ. ರಾಗಿ, ಅವರೆ ಬೆಳೆಯುವ ಮನೆ, ಹಿಂದೆಯೇ ಕೆರೆ. ಅಪ್ಪ ಹೊಲದ ಕೆಲಸ ಮುಗಿಸಿ ಸಂಜೆ ಕೆರೆ ಏರಿಯ ಕಲ್ಲಿನ ಮೇಲೆ ಕೂತು ಗಾಳ ಹಾಕುತ್ತಿದ್ದರು. ಗಂಡು ಮಕ್ಕಳಿಗೆ ತಾಳ್ಮೆ ಇಲ್ಲವೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಎರೆಹುಳು ಸಿಕ್ಕಿಸುವುದು, ದಾರ ಬೀಸುವುದು ಯಾರಿಗಾದರೂ ಬರುತ್ತದೆ. ಅಪ್ಪ ಕಲಿಸಿದ್ದು ಬೇರೆ. ದಾರವನ್ನು ತೋರುಬೆರಳಿನ ಮೇಲೆ ಹಗುರವಾಗಿ ಇಟ್ಟು, "ಕಣ್ಣಲ್ಲಿ ನೋಡ್ಬೇಡ ಮಗಾ, ಬೆರಳಲ್ಲಿ ಕೇಳಿಸ್ಕೊ" ಎನ್ನುತ್ತಿದ್ದರು. ಗೆಂಡೆ ಬಂದು ಮೂಸುವುದು ಹೇಗೆ, ಕೊರವ ಬಾಯಿ ಹಾಕುವುದು ಹೇಗೆ, ಸುಮ್ಮನೆ ಗಾಳಿಗೆ ದಾರ ಅಲ್ಲಾಡುವುದು ಹೇಗೆ, ಎಲ್ಲ ಬೆರಳಿಗೇ ಗೊತ್ತಾಗುತ್ತಿತ್ತು. ಆ ಕೆರೆಯ ಸುತ್ತ ಈಗ ಬೇಲಿ ಹಾಕಿದ್ದಾರೆ. ಬೆಳಿಗ್ಗೆ ಶೂ ಹಾಕಿಕೊಂಡು ಜನ ಸುತ್ತು ಹೊಡೆಯುತ್ತಾರೆ. ನೀರಿನ ಮೇಲೆ ನೊರೆ ತೇಲುತ್ತಿರುತ್ತದೆ, ಗೇಟಿನಲ್ಲಿ ಮೀನು ಹಿಡಿಯಬಾರದೆಂಬ ಬೋರ್ಡು ಇದೆ. ಹಿಡಿದರೂ ಅದನ್ನು ತಿನ್ನುವ ಧೈರ್ಯ ಯಾರಿಗಿದೆ?

ಸಮುದ್ರ ನೋಡಿದ್ದು ಬಹಳ ತಡವಾಗಿ, ಶಾಲೆಯ ಪ್ರವಾಸದಲ್ಲಿ. ಮಕ್ಕಳೆಲ್ಲ ಅಲೆಯಲ್ಲಿ ಕಿರುಚಾಡುತ್ತಿದ್ದರು. ನಾನು ತಲೆ ಎಣಿಸಿ ಎಣಿಸಿ ಸುಸ್ತಾಗಿ, ಹೊಳೆ ಬಂದು ಸಮುದ್ರ ಸೇರುವ ಕಡೆಗೆ ನಡೆದೆ. ಆ ಕಡೆಯವರು ಅದನ್ನು ಅಳಿವೆ ಎನ್ನುತ್ತಾರೆ. ಅಲ್ಲೊಬ್ಬಳು ಅಜ್ಜಿ ಮಂಡಿಯುದ್ದ ನೀರಿನಲ್ಲಿ ನಿಂತು ಬರಿಗೈಯಲ್ಲಿ ದಾರ ಬಿಟ್ಟಿದ್ದಳು. ಕೋಲಿಲ್ಲ, ರೀಲಿಲ್ಲ. ನಾನು ನೋಡುತ್ತಾ ನಿಂತಿದ್ದನ್ನು ನೋಡಿ ದಾರವನ್ನು ನನ್ನ ಕೈಗೆ ಕೊಟ್ಟಳು. ಕಾಣೆ ಮೀನು ಕಚ್ಚುವುದನ್ನು ನಾನು ಮೊದಲು ಕೇಳಿಸಿಕೊಂಡದ್ದು ಆಗ. ಎರಡು ಸಲ ಮೆತ್ತಗೆ ತಟ್ಟುತ್ತದೆ, ಬಾಗಿಲು ತಟ್ಟಲೋ ಬೇಡವೋ ಎಂದು ಅನುಮಾನಿಸುವವರ ಹಾಗೆ. ಆ ಕ್ಷಣದಲ್ಲಿ ಎಳೆಯಬೇಕು. ಎಳೆದೆ, ಬಂತು. ಬಿಸಿಲಿಗೆ ಬೆಳ್ಳಿಯ ಕಡ್ಡಿ. ಪ್ರವಾಸದ ಬಸ್ಸು ಹಾರನ್ ಹೊಡೆದು ಹೊಡೆದು ಕರೆಯುತ್ತಿತ್ತು, ನನಗೆ ಅಲ್ಲಿಂದ ಕಾಲು ಕೀಳುವುದಕ್ಕೇ ಮನಸ್ಸಾಗಲಿಲ್ಲ.

ಇನ್ನು ನಮ್ಮ ಮನೆಯವರು. ಸರ್ಕಾರಿ ಕಚೇರಿಯಲ್ಲಿದ್ದು ನನಗಿಂತ ಮೊದಲೇ ನಿವೃತ್ತರಾದವರು. ಕೆಟ್ಟವರಲ್ಲ. ಒಂದು ದಿನ ಕೂಡ "ಬೇಡ" ಎಂದವರಲ್ಲ. ಅದೇ ಕಷ್ಟ. ಬೇಡ ಎಂದಿದ್ದರೆ ಜಗಳ ಆಡಬಹುದಿತ್ತು. ಅವರು ಹೇಳುವುದು "ನೋಡೋಣ ಕಣೇ." ಈ ನೋಡೋಣ ಎಂಬುದರಲ್ಲಿ ಸಿಕ್ಕಿಹಾಕಿಕೊಂಡವರು ಮೇಲೆ ಬಂದ ಉದಾಹರಣೆ ಇಲ್ಲ. ಅವರು ನೋಡೋಣ ಎಂದ ಮೇಲೆ ಅದು ಪಕ್ಕದ ಮನೆಗೆ ಹೋಗುತ್ತದೆ. ಕಿಟಕಿಯ ಕಡೆಯ ಪಕ್ಕದ ಮನೆಯಲ್ಲ, ಇನ್ನೊಂದು ಕಡೆಯದು. ಅಲ್ಲಿ ಅವರ ಅಕ್ಕ ಇದ್ದಾರೆ. ಮಾವನವರ ಸೈಟನ್ನು ಎರಡು ಪಾಲು ಮಾಡಿ ಅಕ್ಕ ತಮ್ಮ ಕಟ್ಟಿಕೊಂಡ ಮನೆಗಳು ಇವು. ಗೋಡೆ ಒಂದೇ, ಮೆಟ್ಟಿಲು ಒಂದೇ, ನೀರಿನ ಸಂಪು ಒಂದೇ. ಪಂಚಾಂಗವೂ ಒಂದೇ, ಅದು ಅಕ್ಕನ ಗೋಡೆಯ ಮೊಳೆಗೆ ನೇತುಹಾಕಿಕೊಂಡಿದೆ. ಅವರನ್ನು ಕೇಳದೆ ನಮ್ಮ ಮನೆಯವರು ಹೊಸ ಚಪ್ಪಲಿಯನ್ನೂ ಕಾಲಿಗೆ ಹಾಕುವುದಿಲ್ಲ. ಅವರ ಫೋನು ಬಂದರೆ ಬಾಯಲ್ಲಿರುವ ತುತ್ತನ್ನು ಕೆನ್ನೆಗೆ ಒತ್ತಿಕೊಂಡಾದರೂ ಎತ್ತುತ್ತಾರೆ.

ಆದರೂ ನಿವೃತ್ತಿಯಾದ ಕಾರ್ತೀಕದಲ್ಲಿ ಹಠ ಹಿಡಿದು ಅವರನ್ನು ಹೊರಡಿಸಿದೆ. ಜಾಗ ನೋಡುವುದಕ್ಕೆ. ಅವರ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ. ಬಾಗಿಲು ಪೂರ್ವಕ್ಕಿರಬೇಕು, ಆಸ್ಪತ್ರೆ ಹತ್ತಿರವಿರಬೇಕು, ಬಾವಿ ನೀರು ಸಿಹಿಯಾಗಿರಬೇಕು, ಬೆಂಗಳೂರಿನ ಪೇಪರು ಬೆಳಗಿನ ಕಾಫಿಯ ಹೊತ್ತಿಗೆ ಬರಬೇಕು, ಇವೆಲ್ಲ ಅವರದು. ನನಗೆ ಬೇಕಾದದ್ದು ನೀರು. ದೋಣಿ ಹತ್ತಿ ಆಳಕ್ಕೆ ಹೋಗುವ ವಯಸ್ಸು ನನ್ನದಲ್ಲ. ಮನೆಯಿಂದ ನಡೆದು ಹೋಗಿ ದಡದಲ್ಲಿ ನಿಂತರೆ ಮೀನು ಸಿಗಬೇಕು. ಅದಕ್ಕೆ ಹೊಳೆಯ ನೀರು ಉಪ್ಪು ನೀರಿಗೆ ಸೇರುವ ಜಾಗವೇ ಆಗಬೇಕು, ತಳ ಮರಳಾಗಿರಬೇಕು, ಅಲೆಯ ಅಬ್ಬರ ಇರಬಾರದು.

"ಸಮುದ್ರ ಪಶ್ಚಿಮಕ್ಕಿದೆ ರೀ, ಪೂರ್ವಕ್ಕೆ ಬಾಗಿಲಿಟ್ಟರೆ ಸಮುದ್ರ ಹಿತ್ತಲಿಗೆ ಬರುತ್ತೆ" ಎಂದೆ.

"ಬರ್ಲಿ ಬಿಡು. ಹಿತ್ತಲಲ್ಲಿ ಇಟ್ಕೊ" ಎಂದರು. ಅವರ ಮಾತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲು ನೋಡಿದ್ದು ಕಾರವಾರದ ಕಡೆ. ಕಣ್ಣಿಗೆ ಹಬ್ಬ, ಆದರೆ ಬರೀ ಪಾಚಿಗಟ್ಟಿದ ಬಂಡೆ. ಕಾಲು ಜಾರಿದರೆ ನನ್ನ ತಿಥಿಗೆ ಯಾರನ್ನು ಕರೆಯುವುದು ಎಂದು ಅಲ್ಲೇ ನಿರ್ಧರಿಸಬೇಕು. ಆಮೇಲೆ ಬೋಟುಗಳ ಬಂದರು ಇರುವ ಊರೊಂದಕ್ಕೆ ಹೋದೆವು. ಬೋಟು ಜಾಸ್ತಿ ಇದ್ದ ಕಡೆ ಮೀನು ಜಾಸ್ತಿ ಎಂದು ಇವರ ತರ್ಕ. ನೀರಿನ ಮೇಲೆ ಡೀಸೆಲ್ಲಿನ ಬಣ್ಣ ಬಣ್ಣದ ಪೊರೆ, ದಡದ ತುಂಬ ಐಸ್ ಲಾರಿ. ಇವರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡವರು ಬಸ್ ಸ್ಟ್ಯಾಂಡಿನವರೆಗೂ ತೆಗೆಯಲಿಲ್ಲ. ಮಟನ್ ಊಟಕ್ಕೆ ಸಾಲಿನಲ್ಲಿ ಮೊದಲು ಕೂರುವ ಮನುಷ್ಯ, ಸಮುದ್ರದ ಮೀನು ಮಾತ್ರ ಆಗದು. ಇನ್ನೊಂದು ಊರಿನಲ್ಲಿ ಪ್ರವಾಸಿಗರ ಜಾತ್ರೆ. ಗಾಳ ಬೀಸಿದೆನೋ ಇಲ್ಲವೋ, ಸೀಟಿ ಊದಿಕೊಂಡು ಒಬ್ಬ ಓಡಿ ಬಂದ. "ಆಂಟಿ, ಇಲ್ಲಿ ಆಟ ಆಡ್ಬಾರ್ದು" ಎಂದ. ಆಟವಂತೆ! ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸುವ ಹಾಗಾಗಿತ್ತು ನನಗೆ.

ಇದಕ್ಕೂ ಮೊದಲೇ ನನ್ನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಬೋರ್ಡಿನ ಮೇಲೆ ವೃತ್ತ ಬರೆಯುವಾಗ ಗೊತ್ತಾದದ್ದು, ಕೊನೆಯ ವರ್ಷದಲ್ಲಿ. ಸೀಮೆಸುಣ್ಣ ಸರಿಯಿಲ್ಲ ಎಂದುಕೊಂಡಿದ್ದೆ. ಆಮೇಲೆ ಕಾಫಿ ಲೋಟ ತಟ್ಟೆಯ ಮೇಲೆ ಸದ್ದು ಮಾಡತೊಡಗಿತು. ಬಸವೇಶ್ವರನಗರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಕೈ ಚಾಚಿ ಎಂದರು, ಮೂಗು ಮುಟ್ಟಿ ಎಂದರು, ಕಾಗದದ ಮೇಲೆ ಸುರುಳಿ ಬರೆಸಿದರು.

"ನಿಧಾನಕ್ಕೆ ಜಾಸ್ತಿ ಆಗ್ತಾ ಹೋಗುತ್ತೆ ಮೇಡಂ. ಮಾತ್ರೆ ತಗೊಂಡ್ರೆ ಇನ್ನೂ ನಿಧಾನ ಆಗುತ್ತೆ. ಹೆದರ್ಕೋಬೇಡಿ" ಎಂದರು.

"ಎಷ್ಟು ನಿಧಾನ?" ಎಂದು ಕೇಳಿದೆ. ಅವರು ಮಾತ್ರೆಯ ಚೀಟಿ ಬರೆದು ಕೈಗಿಟ್ಟರು. ನಗರದ ತುಂಬ ಉತ್ತರವಿಲ್ಲದ ಪ್ರಶ್ನೆ ಪತ್ರಿಕೆ ಹಂಚುವವರೇ ಇದ್ದಾರೆ.

ನನಗೆ ಭಯವಾಯಿತು. ಅನ್ನ ಕಲಸಲು ಬರದೆ ಹೋದರೆ ಚಮಚವಿದೆ, ಸೀರೆಯ ಪಿನ್ನು ಹಾಕಲಾಗದಿದ್ದರೆ ನೈಟಿ ಇದೆ. ಆದರೆ ಕಾಣೆ ತಟ್ಟುವುದನ್ನು ಕೇಳುವ ಬೆರಳು ಇದೊಂದೇ. ಇದು ತಾನೇ ತಟ್ಟಿಕೊಳ್ಳುತ್ತಾ ಕೂತರೆ ಮೀನು ತಟ್ಟಿದ್ದು ಯಾರಿಗೆ ಕೇಳಿಸಬೇಕು? ಆಟೋದಲ್ಲಿ ಬರುತ್ತಾ ಇದನ್ನೇ ಹೇಳಿದೆ. ನಮ್ಮ ಮನೆಯವರು ಆಟೋದವನಿಗೆ ಚಿಲ್ಲರೆ ಎಣಿಸಿ ಇಟ್ಟುಕೊಂಡರು. ಮನೆ ಹತ್ತಿರ ಇಳಿಯುವಾಗ, "ಸರಿ, ಈ ವರ್ಷವೇ ಹೋಗೋಣ" ಎಂದರು. ನೋಡೋಣ ಎನ್ನದೆ ಹೋಗೋಣ ಎಂದದ್ದು ಅದೇ ಮೊದಲು.

ಮಾಘದಲ್ಲಿ ಜಾಗ ಸಿಕ್ಕಿತು. ಕುಂದಾಪುರದ ಕಡೆ, ಒಂದು ಸಣ್ಣ ಅಳಿವೆ. ಹೊಳೆಗೂ ಸಮುದ್ರಕ್ಕೂ ನಡುವೆ ನಾಲಿಗೆಯ ಹಾಗೆ ಚಾಚಿಕೊಂಡ ಮರಳ ದಿಬ್ಬ, ಅದರ ಬುಡದಲ್ಲಿ ಹೆಂಚಿನ ಮನೆ. ಬಾಗಿಲು ಪೂರ್ವಕ್ಕೇ ಇತ್ತು! ಬಾವಿ ನೀರು ಕುಡಿದು ನೋಡಿ ಇವರು ತಲೆದೂಗಿದರು. ನಾನು ಮರಳಿನ ತುದಿಗೆ ಹೋಗಿ ಸಿಗಡಿ ಚೂರು ಸಿಕ್ಕಿಸಿ ದಾರ ಬಿಟ್ಟೆ. ಕೈ ನಡುಗುತ್ತಿತ್ತು, ಆದರೆ ಸ್ವಲ್ಪವೇ. ಕಾಣೆ ತಟ್ಟಿದ್ದು ಅದರ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಬಿಸಿಲು ಏರುವುದರೊಳಗೆ ಸಾರಿಗಾಗುವಷ್ಟು ಹಿಡಿದೆ. ಹಿಂದೆ ತಿರುಗಿ ನೋಡಿದರೆ ಯಾರ ಗೋಡೆಯೂ ಇಲ್ಲ. ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ಜೋರಾಗಿ ನಕ್ಕೆ, ದಿಬ್ಬದ ಮೇಲಿದ್ದ ನಾಯಿ ಎದ್ದು ದೂರ ಹೋಯಿತು.

ಮನೆಯ ಒಡತಿ ನನ್ನದೇ ವಯಸ್ಸಿನ ಹೆಂಗಸು, ಮಗಳ ಮನೆಗೆ ಹೋಗಿ ಇರಲು ಹೊರಟಿದ್ದವಳು. ಮನೆಯನ್ನು ನಮಗೆ ಬಾಡಿಗೆಗೆ ಬಿಡಲು ಒಪ್ಪಿದಳು. ಹೊರಡುವಾಗ ಒಂದೇ ಮಾತು ಹೇಳಿದಳು.

"ಟೀಚರ್ರೆ, ಮಳೆಗಾಲ್ದಗೆ ಒಂದ್ಸಲ ಬಂದ್ ಕಾಣಿ. ಕಂಡ್ಕಂಡೇ ಬನ್ನಿ."

"ಆಯ್ತು" ಎಂದೆವು. ನಮ್ಮ ಕಡೆ ಮಳೆ ಎಂದರೆ ರಸ್ತೆಯಲ್ಲಿ ನೀರು ನಿಲ್ಲುವುದು, ಸ್ಕೂಟರು ಕೆಟ್ಟು ಹೋಗುವುದು. ಅಷ್ಟೇ ಅಲ್ಲವೇ ಎಂದುಕೊಂಡೆವು.

ಮಾಘದಲ್ಲಿ ಕಂಡ ಮನೆಗೆ ಫಾಲ್ಗುಣದಲ್ಲಿ ಹೋಗಬಹುದಿತ್ತು. ಆದರೆ ಫಾಲ್ಗುಣದಲ್ಲಿ ಅಕ್ಕನ ಕಣ್ಣಿನ ಆಪರೇಷನ್. ಹನಿ ಹಾಕುವುದಕ್ಕೆ ತಮ್ಮನೇ ಬೇಕು. ಚೈತ್ರದಲ್ಲಿ ಮೇಲಿನ ಮನೆಯ ಬಾಡಿಗೆದಾರರು ಖಾಲಿ ಮಾಡಿದರು, ಹೊಸಬರು ಬಂದು ನೆಲೆಯಾಗಬೇಕು, ಅವರಿಗೆ ಮೋಟರ್ ಹಾಕುವ ಹೊತ್ತು ಹೇಳಿಕೊಡಬೇಕು. ವೈಶಾಖದ ತುಂಬ ಮದುವೆಗಳು, ಹೋಗದಿದ್ದರೆ ನೆಂಟರು ಬಿಡುತ್ತಾರೆಯೇ. ಸರಿ, ಜ್ಯೇಷ್ಠದಲ್ಲಿ ಎಂದೆ.

"ಅವನು ಮನೆಗೆ ಹಿರೀಮಗ ಕಣಮ್ಮ. ಜ್ಯೇಷ್ಠರು ಜ್ಯೇಷ್ಠದಲ್ಲಿ ಹೊಸ ಮನೆ ಹೊಕ್ಕಬಾರ್ದು" ಎಂದರು ಅಕ್ಕ, ಆಪರೇಷನ್ ಆದಾಗಿನಿಂದ ಬಿಡದ ಕಪ್ಪು ಕನ್ನಡಕದ ಕೆಳಗಿಂದಲೇ ಪಂಚಾಂಗ ನೋಡುತ್ತಾ. ಕಪ್ಪು ಕನ್ನಡಕ ಹಾಕಿದ್ದರೂ ಪಂಚಾಂಗದ ಸಣ್ಣ ಅಕ್ಷರ ಅವರಿಗೆ ಕಾಣುತ್ತದೆ.

ಆಮೇಲೆ ಆಷಾಢ. ನಮ್ಮ ಕಡೆ ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದಾಗಿ ಮದುವೆಯಾದ ಸೊಸೆಯನ್ನೂ ತವರಿಗೆ ಕಳಿಸುತ್ತಾರೆ. ಮನೆಗೆ ಹೋಗುವುದಿರಲಿ, ಮನೆ ನೋಡುವುದಕ್ಕೂ ಹೋಗುವುದಿಲ್ಲ. ಆ ಹೆಂಗಸು ಹೇಳಿದ ಮಳೆಗಾಲ ಸರಿಯಾಗಿ ಅದೇ ತಿಂಗಳು. ನನಗೆ ಮಾತು ನೆನಪಿತ್ತು.

"ಒಂದ್ಸಲ ಹೋಗಿ ಬರ್ತೀನಿ. ಹೊಕ್ಕಲ್ಲ, ಬರೀ ನೋಡ್ತೀನಿ" ಎಂದೆ.

"ಆಷಾಢದಲ್ಲಿ ಮನೆ ನೋಡ್ತಾರೇನಮ್ಮಾ ಯಾರಾದ್ರೂ? ನೋಡಿದ್ ಮನೆ ಕೈಗೆ ದಕ್ಕಲ್ಲ" ಎಂದರು ಅಕ್ಕ.

ನಮ್ಮ ಮನೆಯವರು ನನ್ನ ಮುಖ ನೋಡಿ, ಅಕ್ಕನ ಮುಖ ನೋಡಿ, ಸೀಲಿಂಗ್ ಫ್ಯಾನ್ ನೋಡಿದರು. ನಾನು ಜೀವಮಾನವಿಡೀ ಮಕ್ಕಳಿಗೆ ಸಾಧಿಸಿ ತೋರಿಸಿ ಎಂದು ಹೇಳಿದವಳು. ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಆದರೂ ಹೋಗಲಿಲ್ಲ. ಹೋಗಿ ಬಂದ ಮೇಲೆ ಯಾರಿಗೋ ಶೀತವಾದರೂ "ಆಷಾಢದಲ್ಲಿ ಇವಳು ಹೋದಳಲ್ಲ" ಎಂದು ಸಾಯುವವರೆಗೆ ನನ್ನ ತಲೆಗೆ ಕಟ್ಟುತ್ತಾರೆ ಎಂದು ಗೊತ್ತಿತ್ತು. ಅದೇ ಮೆಟ್ಟಿಲಲ್ಲಿ, ಅದೇ ಸಂಪಿನ ಪಕ್ಕದಲ್ಲಿ ಅವರ ಜೊತೆ ಬದುಕಬೇಕು. ಒಂದು ತಿಂಗಳು ತಾನೇ ಎಂದು ಹಲ್ಲು ಕಚ್ಚಿದೆ.

ಆಷಾಢ ಮುಗಿಯಿತು ಎಂದು ಉಸಿರು ಬಿಟ್ಟರೆ ಆ ವರ್ಷ ಅಧಿಕ ಶ್ರಾವಣ! ಶ್ರಾವಣದ ಮುಂದೆ ಇನ್ನೊಂದು ಶ್ರಾವಣ. ಅಧಿಕ ಮಾಸದಲ್ಲೂ ಶುಭಕಾರ್ಯ ಕೂಡದು. "ನಾನೇನ್ ಮಾಡ್ಲಮ್ಮ, ಪಂಚಾಂಗ ನಾನ್ ಬರ್ದಿದ್ದಾ?" ಎಂದರು ಅಕ್ಕ. ಆ ದಿನ ನಾನು ಅಡುಗೆಮನೆಗೆ ಬಂದು ಕಿಟಕಿ ತೆಗೆದು ಆ ಗೋಡೆಗೆ ಕೈಯಿಂದ ಗುದ್ದಿದೆ. ಗೆಣ್ಣು ತರಚಿ ರಕ್ತ ಬಂತು. ಆಚೆ ಮನೆಯ ಹೆಂಗಸು "ಯಾರ್ರೀ ಅದು?" ಎಂದು ಕೂಗಿದಳು. ಹೊರಗೆ ಮೇಲಿನ ಮನೆಯ ಹುಡುಗಿ "ಆಂಟಿ, ನೀರು ಬರ್ತಿಲ್ಲ" ಎನ್ನುತ್ತಾ ಬಾಗಿಲು ತಟ್ಟುತ್ತಿದ್ದಳು. ಹೋಗಿ ಮೋಟರ್ ಹಾಕಿದೆ. ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಬೇಕಾದ ಒಂದೊಂದೇ ಸಾಮಾನು ಹುಡುಕುತ್ತಾ, ಅಡ್ಡಾಡಲು ಜಾಗವಿಲ್ಲದೆ, ಆ ಎರಡು ತಿಂಗಳು ಕಳೆದೆ. ಕೈಯ ನಡುಕ ಮಾತ್ರ ಯಾವ ಪಂಚಾಂಗವನ್ನೂ ನೋಡದೆ ತನ್ನ ಪಾಡಿಗೆ ಏರುತ್ತಿತ್ತು. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸುವಾಗ ಎಡಗೈ ಆಸರೆ ಬೇಕಾಗುತ್ತಿತ್ತು.

ನಿಜ ಶ್ರಾವಣದಲ್ಲಿ ಅಕ್ಕನೇ ದಿನ ಹುಡುಕಿ ಕೊಟ್ಟರು. ಹಾಲು ಉಕ್ಕಿಸಲು ಹೊಸ ಪಾತ್ರೆಯನ್ನೂ ಅವರೇ ತಂದರು, ಅರಿಶಿನದ ಕೊಂಬು ಕಟ್ಟಿದ್ದು. "ಪೂರ್ವಕ್ಕೆ ಉಕ್ಕಬೇಕು, ನೋಡ್ಕೊಳ್ಳಿ. ಉಕ್ಕೋ ಹೊತ್ತಿಗೆ ನಾನೇ ಫೋನ್ ಮಾಡ್ತೀನಿ" ಎಂದರು. ನನ್ನ ಕೈ ಹಿಡಿದುಕೊಂಡು, "ಶ್ರಾವಣ ಕಣಮ್ಮ, ಈ ತಿಂಗಳು ಮೀನು ಮುಟ್ಟಬೇಡ" ಎಂದೂ ಸೇರಿಸಿದರು. ಮೀನಿಗಾಗಿ ಹೋಗುತ್ತಿರುವ ಮನೆಗೆ ಮೀನು ಮುಟ್ಟಬಾರದ ತಿಂಗಳಲ್ಲಿ ಗೃಹಪ್ರವೇಶ. ನಾನು ಆಗಲಿ ಎಂದೆ. ಹೊರಟರೆ ಸಾಕಾಗಿತ್ತು.

ಬಸ್ಸಿಳಿದು ಆಟೋದಲ್ಲಿ ಹೋದವರು ಅರ್ಧದಾರಿಯಲ್ಲಿ ನಿಂತೆವು. ಮುಂದೆ ರಸ್ತೆ ಇರಲಿಲ್ಲ. ಮಳೆ ಬಿಟ್ಟಿತ್ತು, ಮೋಡ ಮಾತ್ರ ತಲೆಗೆ ತಾಗುವಷ್ಟು ಕೆಳಗಿತ್ತು. ಮರಳಿನ ದಿಬ್ಬ ಎಲ್ಲಿದೆಯೆಂದು ನೋಡಿದೆ, ಕಾಣಲಿಲ್ಲ. ನಾನು ನಿಂತು ಗಾಳ ಹಾಕಿದ ಜಾಗದಲ್ಲಿ ಕಂದು ಬಣ್ಣದ ಅಲೆಗಳು ಉರುಳುತ್ತಿದ್ದವು. ಮನೆ ಇತ್ತು. ಆದರೆ ಸಮುದ್ರದ ಕಡೆಯ ಗೋಡೆ ಕುಸಿದು, ಒಳಗಿನ ಅಡುಗೆಕಟ್ಟೆ ಹೊರಗಿನಿಂದಲೇ ಕಾಣುತ್ತಿತ್ತು. ಅಂಗಳದ ತೆಂಗಿನ ಮರ ಬಾವಿಯ ಮೇಲೆ ಅಡ್ಡಬಿದ್ದಿತ್ತು.

ಒಡತಿ ಹಿಂದಿನ ಗುಡ್ಡದ ಮೇಲಿನ ನೆಂಟರ ಮನೆಯಿಂದ ಕೊಡೆ ಹಿಡಿದುಕೊಂಡು ಇಳಿದು ಬಂದಳು.

"ಅಳಿವೆ ಪ್ರತಿ ಮಳೆಗಾಲವೂ ಜಾಗ ಬದಲ್ ಮಾಡತ್ ಟೀಚರ್ರೆ. ಒಂದೊಂದ್ ವರ್ಷ ಆಚೆ ಬದಿ ಕಡಿತ್, ಈ ವರ್ಷ ನಮ್ ಬದಿ. ಬಾವಿ ನೀರೂ ಉಪ್ಪಾಯ್ತ್. ಗೋಡೆ ಬಿದ್ದದ್ ನಿನ್ನೆ ರಾತ್ರಿ, ಅಷ್ಟೊತ್ತಿಗೆ ನೀವ್ ಬಸ್ ಹತ್ತಿ ಆಯಿತ್. ಆಷಾಢದಗೇ ಮರಳೆಲ್ಲ ಹೋಪುಕೆ ಶುರುವಾಯಿತ್. ನೀವ್ ಬತ್ರಿ, ಕಾಂತ್ರಿ ಅಂತ ನಾ ಕಾಯ್ತಾ ಇದ್ದೆ. ಫೋನ್ ಮಾಡಿರೂ ಶ್ರಾವಣದಗೇ ಬಪ್ಪುದ್ ಅಂದ್ರಿ" ಎಂದಳು.

ಹೌದು. ಫೋನು ಬಂದಿತ್ತು. ಎತ್ತಿದ್ದು ನಮ್ಮ ಮನೆಯವರು. ಅವಳು ಬಂದು ಕಾಣಿ, ಬಂದು ಕಾಣಿ ಎಂದಷ್ಟೇ ಹೇಳಿದ್ದಳಂತೆ, ಇವರು ಆಷಾಢ ಕಳೆಯಲಿ ಎಂದಿದ್ದರಂತೆ. ನಾವು ಕೆರೆಯ ಜನ. ಕೆರೆ ತುಂಬಿದರೆ ತುಂಬುತ್ತದೆ, ಬತ್ತಿದರೆ ಬತ್ತುತ್ತದೆ, ಎದ್ದು ಪಕ್ಕದ ಬೀದಿಗೆ ಹೋಗುವುದಿಲ್ಲ. ನೀರು ಮನೆ ಬದಲಾಯಿಸುತ್ತದೆ ಎಂದು ನಮಗೆ ಯಾರು ಹೇಳಿದ್ದರು? ನಮ್ಮ ಕಡೆಯ ಸಾವಿರ ಜನ ಬಂದರೂ ಇದೇ ತಪ್ಪು ಮಾಡುತ್ತಾರೆ. ಕಡಲು ತನ್ನ ನಿಜ ಮುಖ ತೋರಿಸುವ ತಿಂಗಳಿನಲ್ಲಿಯೇ ನಾವು ಬಾಗಿಲು ಹಾಕಿಕೊಂಡು ಕೂರುತ್ತೇವೆ.

ನಮ್ಮ ಮನೆಯವರು ಆ ಹೊಸ ಪಾತ್ರೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಅರಿಶಿನದ ಕೊಂಬು ತೂಗಾಡುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಆಯ್ತಾ? ಸಮಾಧಾನ ಆಯ್ತಾ ನಿಮಗೆ, ನಿಮ್ಮಕ್ಕನಿಗೆ? ಕಾಯಿಸಿ ಹಾಲು! ಪೂರ್ವಕ್ಕೆ ಉಕ್ಕಿಸಿ! ಫಾಲ್ಗುಣ, ಜ್ಯೇಷ್ಠ, ಆಷಾಢ, ಅಧಿಕ! ಇನ್ನೊಂದು ಮನೆ ಹುಡುಕೋಕೆ ಇನ್ನೊಂದು ವರ್ಷ. ಅಷ್ಟರೊಳಗೆ ಈ ಕೈ ಎಲ್ಲಿರುತ್ತೆ ಹೇಳಿ" ಎಂದು ಕೂಗಿದೆ. ಕೈಯನ್ನು ಅವರ ಮುಖದ ಮುಂದೆ ಹಿಡಿದೆ. ಅದು ಅಲ್ಲಾಡುತ್ತಿತ್ತು. ಒಡತಿ ಮೆಲ್ಲಗೆ ಕೊಡೆಯನ್ನು ನಮ್ಮ ಬಳಿ ಬಿಟ್ಟು ನೆಂಟರ ಮನೆಗೆ ನಡೆದಳು.

ಅವರು ಕೊಡೆ ಎತ್ತಿಕೊಂಡು, "ಬಸ್ಸು ಸಂಜೆಗೆ" ಎಂದರು. ಆಮೇಲೆ, "ಗಾಳ ತಂದಿದೀಯಲ್ಲ?" ಎಂದರು.

ಸಮುದ್ರದ ಕಡೆ ನಿಲ್ಲುವ ಹಾಗಿರಲಿಲ್ಲ. ಒಳಗೆ, ಹೊಳೆಗೆ ಅಡ್ಡಲಾಗಿ ಒಂದು ಚಿಕ್ಕ ಸೇತುವೆ ಇತ್ತು. ಅಲ್ಲಿ ನೀರು ಶಾಂತವಾಗಿತ್ತು. ಆಚೆಯ ಅಬ್ಬರಕ್ಕೆ ಹೆದರಿ ಮೀನೆಲ್ಲ ಒಳಗೆ ಬಂದಿರಬೇಕು, ಮೇಲೆ ಅಲ್ಲಲ್ಲಿ ಸುಳಿ ಮೂಡುತ್ತಿತ್ತು. ಸೇತುವೆಯ ಕಟ್ಟೆಯ ಮೇಲೆ ಕೂತು ಕೋಲು ಬಿಚ್ಚಲು ಹೋದೆ, ಆಗಲಿಲ್ಲ. ಕೋಲು ಪಕ್ಕಕ್ಕಿಟ್ಟು ಬರಿ ದಾರ ತೆಗೆದೆ. ದಾರಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡಿದ್ದ ಸಿಗಡಿಯ ಚೂರನ್ನು ಕೊಕ್ಕೆಗೆ ಸಿಕ್ಕಿಸಲು ಎಷ್ಟು ಸಲ ಬೆರಳಿಗೆ ಚುಚ್ಚಿಕೊಂಡೆನೋ. ಕೊನೆಗೂ ದಾರ ಬಿಟ್ಟು, ತೋರುಬೆರಳಿನ ಮೇಲೆ ಇಟ್ಟುಕೊಂಡು ಕೇಳಿಸಿಕೊಂಡೆ.

ತಟ್ಟಿತು. ಎಳೆದೆ, ಏನೂ ಇಲ್ಲ. ಮತ್ತೆ ತಟ್ಟಿತು. ಎಳೆದೆ, ಏನೂ ಇಲ್ಲ. ಆಮೇಲೆ ಬಿಡದೆ ತಟ್ಟುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ನನಗೆ ಅರ್ಥವಾಯಿತು. ತಟ್ಟುತ್ತಿದ್ದದ್ದು ಮೀನಲ್ಲ, ನಾನೇ. ಮಾಘದಲ್ಲಿ ಕೇಳಿಸುತ್ತಿದ್ದದ್ದು ಈಗ ಕೇಳಿಸುತ್ತಿಲ್ಲ. ದಾರ ಮೇಲೆಳೆದು ನೋಡಿದರೆ ಸಿಗಡಿ ಮಾಯ. ಅಂದರೆ ನಡುವೆ ಯಾವಾಗಲೋ ನಿಜವಾದದ್ದೂ ಬಂದು, ಕಚ್ಚಿ, ತಿಂದು ಹೋಗಿದೆ. ನನಗೆ ಗೊತ್ತಾಗಲಿಲ್ಲ. ಎಡಗೈಯಲ್ಲಿ ಹಿಡಿದು ನೋಡಿದೆ. ಅದು ನಡುಗುವುದಿಲ್ಲ, ಆದರೆ ಅದಕ್ಕೆ ಕೇಳಿಸಿಕೊಳ್ಳುವುದು ಬರುವುದಿಲ್ಲ. ಅಪ್ಪ ಕಲಿಸಿದ್ದು ಈ ಬೆರಳಿಗೆ. ನಾನು ಆ ಕಟ್ಟೆಯ ಮೇಲೆ ಕೂತು ಅತ್ತೆ. ಮನೆಯೊಂದು ಹೋದದ್ದಕ್ಕೆ ಅಷ್ಟು ಅಳು ಬಂದಿರಲಿಲ್ಲ.

ನಮ್ಮ ಮನೆಯವರು ಪಾತ್ರೆಯನ್ನು ಸೇತುವೆಯ ಮೇಲಿಟ್ಟರು. ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತರು. ಸಿಗಡಿಯ ಪೊಟ್ಟಣಕ್ಕೆ ಕೈ ಹಾಕಿ, ಮುಖ ಕಿವುಚಿಕೊಂಡು, ಒಂದು ಚೂರು ತೆಗೆದು ಕೊಕ್ಕೆಗೆ ಸಿಕ್ಕಿಸಿದರು.

"ರೀ, ಶ್ರಾವಣ" ಎಂದೆ.

"ಗೊತ್ತು. ಹೆಂಗ್ ಹಿಡ್ಕೋಬೇಕು ಹೇಳು" ಎಂದರು.

ದಾರ ನೀರಿಗೆ ಬಿಟ್ಟೆ. ನನ್ನ ಬೆರಳಿನ ಮೇಲೆ ಹಾದು ಅವರ ಬೆರಳಿನ ಮೇಲೆ ಹೋಗುವ ಹಾಗೆ ಇಟ್ಟುಕೊಂಡೆವು. ಕಣ್ಣಲ್ಲಿ ನೋಡಬೇಡಿ, ಬೆರಳಲ್ಲಿ ಕೇಳಿಸಿಕೊಳ್ಳಿ ಎಂದೆ. ಅವರು ನಿಜವಾಗಿ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹಾಲು ಉಕ್ಕುವ ಮುಹೂರ್ತ ಮುಗಿದಿತ್ತು. ಅಕ್ಕನೇ ಇರಬೇಕು.

"ಫೋನ್ ರೀ" ಎಂದೆ.

"ಸುಮ್ನಿರು. ಕೇಳಿಸ್ತಾ ಇಲ್ಲ" ಎಂದರು. ಎತ್ತಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಶುರುವಾಯಿತು. ಅವರು ಕಣ್ಣು ಬಿಡಲಿಲ್ಲ.

"ಇದು ನಿನ್ನ ಕೈ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇದೂ ನಿನ್ನ ಕೈನೇ." ಸಣ್ಣಗೆ ಹನಿ ಬೀಳತೊಡಗಿತು, ಖಾಲಿ ಪಾತ್ರೆಯೊಳಗೆ ಟಪ ಟಪ ಸದ್ದಾಯಿತು. ನನ್ನ ಬೆರಳಿಗೆ ನನ್ನ ನಡುಕ ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ. ಎದ್ದು ಹೋಗೋಣ ಎಂದು ಬಾಯಿ ತೆಗೆದೆ.

ಅವರು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

"ಇದು ನೀನಲ್ಲ ಕಣೇ" ಎಂದರು. "ಎಳಿ!"

ಎಳೆದೆ.